ಸೀಟಿನ ಹಿಂದಿನ ಧಿಮ್ ಪೆಟ್ಟಿಗೆ

ಆ ಟಿವಿ ಸದ್ದು ಕಡಿಮೆ ಮಾಡಿ ಹತ್ತಿರ ಬನ್ನಿ, ಕಾಲು ಮಡಚಿಕೊಂಡು ಕೂತುಕೊಳ್ಳಿ. ಬೇರೆಯವರ ಮನೆಯಲ್ಲಿ ಮದುವೆ ನಿಶ್ಚಯವಾದರೆ ಮದುವೆಯಾಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ನಡುವೆ ಏನಾದರೊಂದು ಆಗಿಯೇ ಆಗುತ್ತದೆ. ನಿಮ್ಮಮ್ಮನ ಮದುವೆಗೆ ಗಂಟುಬಿದ್ದಿದ್ದು ಒಂದು ಪೆಟ್ಟಿಗೆ.

1. ಅಳತೆ

ನನ್ನ ಮಗ, ಅಂದರೆ ನಿಮ್ಮ ಮಾವ, ಆಗ ಅಡ್ಯಾರಿನಲ್ಲಿ ಪಿಕಪ್ ಗಾಡಿ ಇಟ್ಟುಕೊಂಡು ಮನೆಮನೆಗೆ ನೀರಿನ ಕ್ಯಾನ್ ಹಾಕುತ್ತಿದ್ದ. ದಿನವಿಡೀ ಗಾಡಿ ಓಡಿಸಬೇಕಾದರೆ ಹಾಡು ಬೇಕು ಅಂತ ಸೀಟಿನ ಹಿಂದೆ ಸಬ್‌ವೂಫರ್ ಹಾಕಿಸಲು ಹೊರಟ. ಏನದು ಅಂದರೆ, ಹಾಡಿನಲ್ಲಿರುವ ಧಿಮ್ ಧಿಮ್ಮನ್ನಷ್ಟೇ ಹಿಡಿದು ದೊಡ್ಡದು ಮಾಡುವ ಮರದ ಪೆಟ್ಟಿಗೆ.

ನಿಮ್ಮ ತಾತ ಸಿಟ್ಟಿನಿಂದ ಕುಣಿದಾಡಿಬಿಟ್ಟರು. ನಾವೋ ಮೈಸೂರು ಕಡೆಯಿಂದ ಈ ತಮಿಳು ಊರಿಗೆ ಬಂದವರು, ಗಂಡಿನ ಮನೆಯವರು ಮೈಲಾಪೂರಿನಲ್ಲಿ ತಲೆತಲಾಂತರದಿಂದ ಇರುವ ವೈಷ್ಣವರು, ಜೋರಾಗಿ ಸೀನುವುದಕ್ಕೂ ಹಿಂದೆಮುಂದೆ ನೋಡುವ ಜನ. "ಇದರಿಂದ ಸಂಬಂಧ ಮುರಿದುಬಿದ್ದರೆ ನಿನ್ನನ್ನೂ ಆ ಪೆಟ್ಟಿಗೆಯೊಳಗೆ ತುರುಕಿ ಮೊಳೆ ಹೊಡೀತೀನಿ ನೋಡು!"

ಅವನು ಕೇಳಿದನೇ? ಫಿಟ್ಟರ್ ಸೀಟು ಬಿಚ್ಚಿ, ಹಿಂದೆ ಪೆಟ್ಟಿಗೆ ಕೂರಿಸಿ, ಸೀಟನ್ನು ಮುಂದಕ್ಕೆ ತಳ್ಳಿ ಬಿಗಿದ. ತಾತ ಪರೀಕ್ಷೆಗೆಂದು ಹತ್ತಿ ಕೂತರು. ಮಂಡಿ ಎದೆಗೆ ಬಂತು, ಹೊಟ್ಟೆ ಡ್ಯಾಶ್‌ಬೋರ್ಡಿಗೆ ಒತ್ತಿತು. ಬಾಗಿಲು ಹಾಕಲು ಆಗಲೇ ಇಲ್ಲ.

"ಅಳತೆ ತಪ್ಪಿದೆ ಕಣಯ್ಯ!" ಅಂತ ಕೂಗಿದರು.

ಫಿಟ್ಟರ್ ಟೇಪು ಹಿಡಿದು ಪೆಟ್ಟಿಗೆ ಅಳೆದ, ಸೀಟು ಅಳೆದ, ಕೊನೆಗೆ ತಾತನನ್ನೂ ಅಳೆದ. "ಪೆಟ್ಟಿ ಕರೆಕ್ಟಾಗಿದೆ ಸಾರ್. ಎಕ್ಸ್‌ಟ್ರಾ ಇರೋದು ನೀವೇ."

2. ಮೈಸೂರ್ ಪಾಕು

ಹಬ್ಬಕ್ಕೆ ಬೀಗರ ಮನೆಗೆ ಮೈಸೂರ್ ಪಾಕು ಕೊಡಬೇಕಿತ್ತು. ಅಚ್ಚಿನಲ್ಲಿ ಕತ್ತರಿಸಿದ ಹಾಗೆ ತುಂಡು ಮಾಡಿದ್ದೆ. ಗಾಡಿಯಲ್ಲಿ ಮುಚ್ಚಳ ಹಾಕಿದ ತಟ್ಟೆ ಇಡಲು ಸಮತಟ್ಟಾಗಿದ್ದ ಜಾಗ ಆ ಪೆಟ್ಟಿಗೆಯ ನೆತ್ತಿ ಒಂದೇ. ಇಟ್ಟೆ. "ಹಾಡು ಬೇಡ ಕಣೋ" ಅಂದರೆ, "ಸಣ್ಣಗೆ ಹಾಕ್ತೀನಮ್ಮ" ಅಂದ. ಅವನ ಸಣ್ಣಗೆ ಅಂದರೆ ನನ್ನ ಬಳೆಗಳೆಲ್ಲ ತಾವಾಗಿಯೇ ಕುಣಿಯುತ್ತಿದ್ದವು.

ಬೀಗರ ಮನೆಯಲ್ಲಿ ಮುಚ್ಚಳ ತೆಗೆದರೆ ಬರೀ ಪುಡಿ! ಒಂದು ತುಂಡಿಲ್ಲ. ಮುಗೀತು, ಇನ್ನು ಮಗಳ ಮದುವೆ ಆದ ಹಾಗೇ ಅಂದುಕೊಂಡೆ. ಗಂಡಿನ ಅಜ್ಜಿ ಚಮಚ ತರಿಸಿ ಒಂದು ಬಾಯಿ ಹಾಕಿಕೊಂಡರು, ಇನ್ನೊಂದು ಹಾಕಿಕೊಂಡರು. ಅವರ ಕಣ್ಣಲ್ಲಿ ನೀರು. ತಮ್ಮ ಸೊಸೆಯ ಕಡೆ ತಿರುಗಿ ಹೇಳಿದರು:

"ನೋಡು! ಹಲ್ಲು ಹೋಗಿ ಇಷ್ಟು ಕಾಲವಾಯ್ತು, ನೀನು ಒಂದ್ ದಿನ ಹೀಗೆ ಕುಟ್ಟಿ ಕೊಟ್ಟಿದ್ದೀಯಾ?"

3. ಮುಹೂರ್ತ

ನಮ್ಮಲ್ಲಿ ತವರಿನದೊಂದು, ಗಂಡಿನ ಮನೆಯದೊಂದು, ಎರಡು ತಾಳಿ ಕಟ್ಟುವುದು ನಿಮಗೆ ಗೊತ್ತಲ್ಲ. ತವರಿನ ತಾಳಿಯನ್ನು ಬೆಳ್ಳಿ ಬಟ್ಟಲಲ್ಲಿ ಅರಿಶಿನದ ಜೊತೆ ಇಟ್ಟು ನಮ್ಮ ಪುರೋಹಿತರ ಕೈಗೆ ಕೊಟ್ಟು, ಪಿಕಪ್ಪಿನಲ್ಲಿ ಕಳಿಸಿದೆವು. ಅವರು ಮಡಿಯಲ್ಲಿದ್ದರು. ಕೈಯಲ್ಲಿ ಕಳಶ ಬೇರೆ. ಎಲ್ಲರೂ ಕೂರುವ ಸೀಟಿನ ಮೇಲೆ ತಾಳಿ ಇಡುವುದುಂಟೇ? ಹಿಂದೆ ನೋಡಿದರೆ ಪೆಟ್ಟಿಗೆಯ ನೆತ್ತಿಯಲ್ಲಿ ಗಾಳಿ ಹೋಗಲು ಬಿಟ್ಟ ದುಂಡನೆ ತೂತು. ಬಟ್ಟಲು ಕೂರಿಸಲೆಂದೇ ಮಾಡಿಸಿದ್ದಾರೆ ಅಂದುಕೊಂಡು ಭಕ್ತಿಯಿಂದ ಅಲ್ಲಿ ಕೂರಿಸಿದರು. ಮೊದಲ ಹಳ್ಳಕ್ಕೇ ಬಟ್ಟಲು ಗುಳುಂ!

ಛತ್ರದ ಬಾಗಿಲಲ್ಲಿ ಎಲ್ಲರೂ ಕೈ ಹಾಕಿದರು. ಮೊಣಕೈ ಹೋಗದು, ಬಟ್ಟಲು ಸಿಗದು. ಮುಹೂರ್ತ ಹತ್ತಿರ ಬರುತ್ತಿದೆ. ತಾತ ಕಂಬ ಹಿಡಿದುಕೊಂಡು ನಿಂತಿದ್ದಾರೆ. ನಿಮ್ಮ ಮಾವ ಸೀಟು ಕಿತ್ತು, ವೈರು ಹರಿದು, "ಹಿಡ್ಕೊಳ್ರೋ!" ಅಂದ. ನಾಲ್ಕು ಜನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಒಳಗೆ ಓಡಿದರು.

ನಾದಸ್ವರದವರು ನೋಡಿದರು. ಇಷ್ಟು ಅವಸರದಲ್ಲಿ ಹೊತ್ತು ತರುತ್ತಿದ್ದಾರೆ, ಮುಹೂರ್ತವೇ ಇರಬೇಕು ಅಂತ ಗಟ್ಟಿಮೇಳ ಬಾರಿಸಿಬಿಟ್ಟರು. ಗಟ್ಟಿಮೇಳ ಕೇಳಿದ ಮೇಲೆ ಜನ ಸುಮ್ಮನಿರುತ್ತಾರೆಯೇ? ಇಡೀ ಛತ್ರ ಎದ್ದು ಅಕ್ಷತೆ ಹಾಕಿತು. ಆ ದಿನ ಮೊದಲು ಮದುವೆಯಾಗಿದ್ದು ಪೆಟ್ಟಿಗೆಗೆ.

"ಅಪ್ಪುರಂ ಪಾಟಿ?" ಅಂತ ಅಜ್ಜಿಯನ್ನ ತಮಿಳಲ್ಲಿ ಕೇಳ್ತೀಯಲ್ಲ, ಆಮೇಲೇನು! ನಿಮ್ಮಮ್ಮ ಸೆರಗು ಒಡ್ಡಿ ಕೂತಳು. ನಾಲ್ವರೂ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕುಲುಕಿದರು. ಮೊದಲು ಅರಿಶಿನ ಸುರಿಯಿತು, ಆಮೇಲೆ ಬಟ್ಟಲು ಬಂತು, ಕೊನೆಗೆ ತಾಳಿ ಟಣ್ ಅಂತ ಬಟ್ಟಲಿಗೆ ತಾಗಿ ಸೆರಗಿಗೆ ಬಿತ್ತು.

ಗಂಡಿನ ಅಜ್ಜಿ ನನ್ನ ಕೈ ಹಿಡಿದು, "ಇದೇನಮ್ಮ, ನಿಮ್ಮ ಮೈಸೂರು ಕಡೆ ಸಂಪ್ರದಾಯವಾ?" ಅಂದರು.

"ಹೌದಜ್ಜಿ," ಅಂದೆ. "ತವರಿನ ತಾಳಿ ಮೇಲಿಂದಲೇ ಬೀಳಬೇಕು."

"ಎಷ್ಟು ಲಕ್ಷಣವಾಗಿದೆ!" ಅಂದರು. ತಾಳಿ ಕಟ್ಟಿದ್ದಾಯಿತು.

ಪುರೋಹಿತರು ಈಗ ತಾಳಿಯನ್ನು ತಮ್ಮ ಪಂಚೆಯ ತುದಿಗೆ ಗಂಟು ಹಾಕಿಕೊಂಡೇ ಗಾಡಿ ಹತ್ತುತ್ತಾರೆ. ಫಿಟ್ಟರ್ ಸ್ವಂತ ಅಂಗಡಿ ಇಟ್ಟ. ಗಿರಾಕಿಯ ಹೊಟ್ಟೆ ನೋಡಿ ಆಮೇಲೆ ಪೆಟ್ಟಿಗೆ ತೋರಿಸುತ್ತಾನಂತೆ. ಸೀಟು ಹಿಂದಕ್ಕೆ ಹೋಯಿತು, ತಾತ ಗಾಡಿಯಲ್ಲಿ ಕಾಲು ಚಾಚಿ ಓಡಾಡಿದರು. ನಿಮ್ಮಮ್ಮ ಸುಖವಾಗಿದ್ದಾಳೆ, ನಿಮ್ಮನ್ನು ಬಿಟ್ಟರೆ ಅವಳಿಗೆ ಬೇರೆ ಕಾಟವಿಲ್ಲ.

ಪೆಟ್ಟಿಗೆಯೇ? ನಿಮ್ಮ ಚಿಕ್ಕಪ್ಪನ ಮದುವೆಗೆ ಬೇಕು ಅಂತ ಆ ಅಜ್ಜಿ ಆಟೋ ಕಳಿಸಿ ತರಿಸಿಕೊಂಡರು, ವಾಪಸ್ಸು ಕೊಡಲಿಲ್ಲ. ಈಗ ಅದು ಅವರ ದೇವರ ಕೋಣೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದೆ. ನಿಮ್ಮ ಮಾವ ಹಬ್ಬಕ್ಕೆ ಹೋದರೆ, ಪಾಪ, ಅದಕ್ಕೆ ನಮಸ್ಕಾರ ಮಾಡಿ ಬರಬೇಕು.