ಬೆಟಗೇರಿಯಿಂದ ಹೊರಟ ಆಕಾಶನೌಕೆ

ನಮ್ಮ ಸೋದರಮಾವ ಬೆಟಗೇರಿಯ ತಮ್ಮ ಮನೆಯಿಂದ ದಿನವೂ ಅಂತರಿಕ್ಷಕ್ಕೆ ಹೋಗಿ, ನಾಲ್ಕು ಗಂಟೆಯ ಚಹಾಕ್ಕೆ ಸರಿಯಾಗಿ ಭೂಮಿಗೆ ಇಳಿಯುತ್ತಾರೆ. ನಂಬದಿದ್ದರೆ ಬಿಡಿ, ನನಗೇನು! ನೌಕೆಯ ಸದ್ದನ್ನಂತೂ ನಾನು ಕಿವಿಯಾರೆ ಕೇಳಿದ್ದೇನೆ.

ಮಾವ ಮತ್ತು ಅವರ ಅಣ್ಣ, ಅಂದರೆ ನಮ್ಮ ದೊಡ್ಡಮಾವ, ಚಿಕ್ಕವರಿದ್ದಾಗ ಟಿವಿಯಲ್ಲಿ ಇಂಗ್ಲಿಷಿನ ಒಂದು ಅಂತರಿಕ್ಷದ ಧಾರಾವಾಹಿ ನೋಡುತ್ತಿದ್ದರಂತೆ. ವರ್ಷಗಟ್ಟಲೆ ನಡೆದ ಧಾರಾವಾಹಿ. ಇಬ್ಬರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೇನಂತೆ? ಮರುದಿನ ತಾವೇ ಕಥೆ ಕಟ್ಟಿ ಮಾಳಿಗೆಯ ಮೇಲೆ ಆಡುತ್ತಿದ್ದರು. ಮಾವ ನೌಕೆಯ ಕಪ್ತಾನ, ಅಣ್ಣ ವೈರಿಗ್ರಹದ ದೊರೆ. ಈಗ ಐವತ್ತು ದಾಟಿದ ಮೇಲೆ ಮಾವ ಆ ಕಥೆಯನ್ನೇ ಮೊಬೈಲಿನಲ್ಲಿ ಕೇಳುವಂಥ ಧ್ವನಿನಾಟಕ ಮಾಡಲು ಹೊರಟಿದ್ದಾರೆ.

ನೌಕೆಯ ಎಂಜಿನ್ನು ಯಾವುದು ಗೊತ್ತೇ? ಮನೆಯಲ್ಲಿ ಉಳಿದಿರುವ ಒಂದೇ ಒಂದು ಕೈಮಗ್ಗ! ಅತ್ತೆ ಸೀರೆ ನೇಯುವಾಗ ಮಾವ ಆ ಸದ್ದು ತುಂಬಿಕೊಳ್ಳಲು ಪಕ್ಕದಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. ಒಮ್ಮೆ ಎಳೆ ಹರಿದು ಮಗ್ಗ ನಿಂತಿತು.

"ಏ, ನಿಲ್ಲಿಸಬ್ಯಾಡ! ನೌಕಾ ಈಗರ ಚಂದ್ರನ ದಾಟೈತಿ!"

"ಹೌದನ್ರಿ? ಹಂಗಾದ್ರ ಅಲ್ಲೇ ಇಳದು ಎಳಿ ನೀವ ಗಂಟ ಹಾಕ್ರಿ," ಅಂದರು ಅತ್ತೆ.

ತೊಡಕಾದದ್ದು ವೈರಿಗ್ರಹದ ದೊರೆಯ ದನಿಗೆ. ಮೊದಲು ಹುಲಿಯ ಗರ್ಜನೆ ಹಿಡಿಯೋಣವೆಂದು ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯಕ್ಕೆ ಹೋದೆವು. ಹುಲಿ ಬೆನ್ನು ತಿರುಗಿಸಿ ಮಲಗಿತ್ತು. ಮಾವ ಎರಡು ತಾಸು ಮೊಬೈಲ್ ಹಿಡಿದು ನಿಂತರು. ಮನೆಗೆ ಬಂದು ಕೇಳಿದರೆ ಅದರಲ್ಲಿ ಇದ್ದದ್ದು ಪಕ್ಕದಲ್ಲಿ ನಿಂತಿದ್ದ ಕುರ್ತಕೋಟಿಯ ಒಬ್ಬ ಅಜ್ಜನ ದನಿ: "ಮಲಕೊಳ್ಳಲಿ ಬಿಡ್ರಿ ಪಾಪ, ಆಯ್ತವಾರದ ಸೂಟಿ ಐತಿ!"

ಆಮೇಲೆ ನನ್ನನ್ನು ನಿಲ್ಲಿಸಿದರು. "ಭೂಮಿಯವರೇ, ನಿಮ್ಮ ಗ್ರಹವನ್ನು ಸುಟ್ಟುಬಿಡುತ್ತೇನೆ" ಎಂದು ಕೈಲಾದಷ್ಟು ಗುಡುಗಿದೆ. ಮಾವ ಕಣ್ಣುಮುಚ್ಚಿ ಕೇಳಿ ನಿಟ್ಟುಸಿರುಬಿಟ್ಟರು.

"ಲೇ, ನೀ ಗ್ರಹಾ ಸುಡಾಕ ಬಂದಿಯೋ, ಸೊರಟೂರಿಗೆ ಬಸ್ ಟಿಕೆಟ್ ಕೇಳಾಕ ಬಂದಿಯೋ?"

ಗ್ರಹ ಸುಡುವಂಥ ದನಿ ಇದ್ದದ್ದು ದೊಡ್ಡಮಾವನೊಬ್ಬರಿಗೇ. ಅವರು ಮುಂಡರಗಿಯಲ್ಲಿದ್ದಾರೆ. ಕೆಮ್ಮಿದರೆ ಇಡೀ ಓಣಿ ತಿರುಗಿ ನೋಡುತ್ತದೆ. ಆದರೆ ಅಣ್ಣ ತಮ್ಮಂದಿರು ಮಾತುಬಿಟ್ಟು ನಾಲ್ಕು ವರ್ಷವಾಗಿತ್ತು. ಆಗ ಮಾವ ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ಆ ಮದುವೆಗೆ ಸ್ವಂತ ಅಣ್ಣನನ್ನು ಕರೆದದ್ದು ವಾಟ್ಸಾಪಿನಲ್ಲಿ! ನಮ್ಮಲ್ಲಿ ಮನೆಗೆ ಬಂದು, ಕುಂಕುಮ ಹಚ್ಚಿ, ಕೈಗೆ ಅಕ್ಷತೆ ಕೊಟ್ಟು ಕರೆಯದಿದ್ದರೆ ದೂರದ ನೆಂಟರೂ ಹೊಸ್ತಿಲು ದಾಟುವುದಿಲ್ಲ. ಇನ್ನು ಮುಂದೆ ನಿಂತು ಮದುವೆ ಮಾಡಿಸಬೇಕಾದ ಹಿರಿಯಣ್ಣ ಬರುತ್ತಾರೆಯೇ?

"ಅದರಾಗ ಅಕ್ಷತಾದ ಚಿತ್ರಾನೂ ಹಾಕಿದ್ನಲ್ಲೋ!" ಎಂದು ಮಾವ ಈಗಲೂ ವಾದಿಸುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಬಾಯಿ ಹಾಕಿದೆ. "ಮಾಮಾ, ಡೈಲಾಗ್ ಮೊಬೈಲ್‌ನ್ಯಾಗ ಕಳಸ್ರಿ. ದೊಡ್ಡ ಮಾಮಾ ಅಲ್ಲಿಂದಾನ ಹೇಳಿ ಕಳಸ್ತಾರ."

"ಒಮ್ಮೆ ಕಳಿಸಿದ್ದು ಸಾಲದಾತೇನು?" ಮಗ್ಗದ ಕಡೆಯಿಂದ ಅತ್ತೆಯ ದನಿ ಬಂತು.

ಮಾವ ನಾಟಕದ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದರು. ಅವರಿಗೆ ನಾಟಕಕ್ಕಾಗಿ ಅಣ್ಣ ಬೇಕಾಗಿರಲಿಲ್ಲ, ಅಣ್ಣನಿಗಾಗಿಯೇ ನಾಟಕ ಬೇಕಾಗಿತ್ತು ಎಂಬುದು ದಡ್ಡನಾದ ನನಗೆ ಆಗ ಹೊಳೆಯಿತು. ಮರುದಿನ ಮುಂಜಾನೆ ಇಸ್ತ್ರಿ ಮಾಡಿದ ಧೋತರ ಉಟ್ಟು, ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಮುಂಡರಗಿಯ ಬಸ್ಸು ಹತ್ತಿದರು. ಚೀಲದಲ್ಲಿ ನಾಟಕದ ಹಾಳೆಗಳ ಜೊತೆ ಕುಂಕುಮದ ಭರಣಿ, ಅಕ್ಷತೆಯ ಬಟ್ಟಲು.

ದೊಡ್ಡಮಾವ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ತಲೆ ಎತ್ತಲಿಲ್ಲ.

"ಏನು?"

"ನಾಟಕಾ ಐತಿ. ಕರ್ಯಾಕ ಬಂದೇವಿ."

"ನಂದೇನು ಪಾತ್ರ?"

"ವೈರೀದು."

"ನಾಕು ವರ್ಷದಿಂದ ಅದನ್ನ ಮಾಡಾಕತ್ತೇನಲ್ಲೋ!"

ನನಗೆ ನಗು ಬಂತು. ಆದರೆ ಮಾವ ಚೀಲದಿಂದ ಭರಣಿ, ಬಟ್ಟಲು ತೆಗೆದರು. ಅಣ್ಣನ ಹಣೆಗೆ ಕುಂಕುಮ ಹಚ್ಚಿ, ಅಂಗೈಯಲ್ಲಿ ಅಕ್ಷತೆ ಹಾಕಿದರು. "ತಪ್ಪಾತು ಅಣ್ಣಾ," ಅಂದರು. "ಲಗ್ನದಾಗ ಎಲ್ಲಾರೂ ಬಂದಿದ್ರು. ನಾ ಮಾತ್ರ ಬಾಗಲಾ ನೋಡಕೋತ ನಿಂತಿದ್ದೆ."

ದೊಡ್ಡಮಾವ ಪೇಪರು ಬದಿಗಿಟ್ಟರು. ಆಮೇಲೆ ಹೆಗಲ ಟವೆಲಿನ ತುದಿಗೆ ಅಷ್ಟೂ ಕಾಳನ್ನು ಸುರಿದು, ಒಂದೂ ಬೀಳದಂತೆ ಗಂಟು ಕಟ್ಟಿದರು. ಚಪ್ಪಲಿ ಮೆಟ್ಟಿ ಕಟ್ಟೆಯಿಂದ ಇಳಿದರು. ಓಣಿಯನ್ನೇ ಎಬ್ಬಿಸುವ ಆ ದನಿ ಪಕ್ಕದಲ್ಲಿದ್ದ ನಮಗೆ ಮಾತ್ರ ಕೇಳಿಸುವಷ್ಟು ಸಣ್ಣದಾಗಿತ್ತು.

"ನಾಟಕಾ ಆಮ್ಯಾಲೆ. ಇವು ಮೊದಲ ನಮ್ಮ ಹುಡುಗಿ ತಲಿ ಮ್ಯಾಲೆ ಬೀಳಲಿ. ಲಕ್ಷ್ಮೇಶ್ವರದ ಬಸ್ ಎಷ್ಟೊತ್ತಿಗೈತಿ?"