ಮೇಲಿನವರ ಸಿಂಕು, ಕೆಳಗಿನವರ ಪಾಲು

ಎರಡು ಮನೆಗಳ ಅಡುಗೆಮನೆ ನೀರು ಒಂದೇ ಪೈಪಿನಲ್ಲಿ ಹೋಗುವ ಕಡೆ ಏನಾದರೂ ಒಂದು ಆಗುತ್ತಲೇ ಇರುತ್ತದೆ. ಕೆಂಪಾಪುರದ ಈ ಮನೆಯಲ್ಲಿ ಬಾಡಿಗೆಯವರಾದ ನಾವು ಕೆಳಗೆ, ಓನರ್ ದಂಪತಿ ಮೇಲೆ. ಪೈಪು ಅಂಗಳದಲ್ಲಿ ಕಟ್ಟಿಕೊಂಡಾಗ ಮೇಲೆ ಚೆಲ್ಲಿದ್ದು ಮುಂದಕ್ಕೆ ಹೋಗದೆ ನಮ್ಮ ಸಿಂಕಿನಲ್ಲಿ ಎದ್ದು ಬರುತ್ತದೆ. ಪೈಪು ಬದಲಾಯಿಸಲು ಅಂಗಳ ಅಗೆಯಬೇಕು. ಅಂಗಳದಲ್ಲಿ ಓನರಮ್ಮ ನೆಟ್ಟ ಕರಿಬೇವಿನ ಮರವಿದೆ. ಹಾಗಾಗಿ ಪೈಪು ಹಾಗೇ ಇದೆ, ನಾವೂ ಇದ್ದೇವೆ.

ಅವರೆ ಸಿಪ್ಪೆ

ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಸಿಂಕಿನಲ್ಲಿ ಅವರೆಕಾಳಿನ ಸಿಪ್ಪೆಗಳು ತೇಲಿ ಬಂದವು. ಮೇಲೆ ಹಿತಕಿದಬೇಳೆ ಸಾರು ಎಂದು ನನ್ನ ಹೆಂಡತಿಗೆ ತಿಳಿಯಿತು. ಆ ಸಾರು ಮಾಡಿದ ದಿನ ಓನರಮ್ಮ ನಮಗೆ ಒಂದು ಬಟ್ಟಲು ಕೊಡದೆ ಇದ್ದದ್ದಿಲ್ಲ. ಮಧ್ಯಾಹ್ನ ಬಟ್ಟಲು ಹಿಡಿದು ಇಳಿದು ಬಂದವರು, ನಿಮ್ಮಲ್ಲೇನು ಅಡುಗೆ ಎಂದು ಕೇಳಿದರು.

"ಅನ್ನ," ಎಂದಳು ನನ್ನ ಹೆಂಡತಿ.

"ಅದಕ್ಕೇನ್ ಮಾಡಿದ್ರಿ?"

"ನಿಮಗೇ ಕಾಯ್ತಿದ್ದೆ."

ರಬ್ಬರ್ ಪಂಪು

ಓನರ್ರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಪ್ಲಂಬರ್‌ನನ್ನು ಕರೆಯುವುದೆಂದರೆ ಅವರಿಗೆ ಅವಮಾನ. ಪೈಪು ಕಟ್ಟಿಕೊಂಡಾಗಲೆಲ್ಲ ಮರದ ಹಿಡಿಯ ರಬ್ಬರ್ ಪಂಪು ಹಿಡಿದು ತಾವೇ ಬರುತ್ತಾರೆ. ಒಂದು ಭಾನುವಾರ ಅದನ್ನು ನಮ್ಮ ಸಿಂಕಿನ ತೂತಿಗೆ ಒತ್ತಿ, ಮೈಯಲ್ಲಿದ್ದ ಬಲವೆಲ್ಲ ಹಾಕಿ ತಳ್ಳಿದರು. ಮುಂದೆ ಹೋಗಲು ದಾರಿಯಿಲ್ಲದ ನೀರು ಮೇಲಿನ ದಾರಿ ಹಿಡಿಯಿತು. ಮಹಡಿಯಲ್ಲಿ ಪಾತ್ರೆ ಬಿದ್ದ ಸದ್ದು, ಹಿಂದೆಯೇ ಓನರಮ್ಮನ ದನಿ: "ರೀ, ಎಲ್ಲಿದ್ದೀರಾ? ಸಿಂಕು ನನ್ನ ಮುಖಕ್ಕೇ ಉಗೀತು ಕಣ್ರೀ."

ಓನರ್ರು ಪಂಪನ್ನು ನನ್ನ ಕೈಗಿಟ್ಟರು. "ನೀವೇ ಮಾಡಿದ್ದು ಅಂದ್ಬಿಡಿ ಸಾರ್. ಬಾಡಿಗೆಯವರನ್ನ ಅವಳು ಬೈಯಲ್ಲ."

ಹಸಿರು ನೀರು

ಆಮೇಲೆ ದಿನಾ ಬೆಳಿಗ್ಗೆ ಸಿಂಕಿನಲ್ಲಿ ಹಸಿರು ನೀರು ಏಳತೊಡಗಿತು. ಮೂಸಿ ನೋಡಿದೆ. ಹಾಗಲಕಾಯಿ ರಸ.

ಓನರ್ರಿಗೆ ಹೇಳಿದಾಗ ಅವರು ಬಾಗಿಲು ಮುಂದೆ ಮಾಡಿ ಕೂತರು. ಅವರಿಗೆ ಶುಗರ್. ಬೆಳಿಗ್ಗೆ ಒಂದು ಲೋಟ ರಸ ಕುಡಿದರೆ ಮಾತ್ರ ಸಂಜೆ ಒಂದು ಚಮಚ ಸಕ್ಕರೆ ಹಾಕಿದ ಕಾಫಿ ಎಂದು ಗಂಡ ಹೆಂಡಿರ ನಡುವೆ ಒಪ್ಪಂದ. ಓನರಮ್ಮ ಲೋಟ ಕೊಟ್ಟು ಪೂಜೆಗೆ ಹೋಗುತ್ತಾರೆ, ಇವರು ಸಿಂಕಿಗೆ ಹೋಗುತ್ತಾರೆ.

"ಗೊತ್ತಾದ್ರೆ ಕಾಫಿ ಹೋಯ್ತು ಸಾರ್. ಇಡೀ ದಿನಕ್ಕೆ ನನಗಿರೋ ಸುಖ ಅದೊಂದೇ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೂ ಬಚ್ಚಲಿಗೆ ಚೆಲ್ಲಬಹುದಲ್ಲ ಎಂದೆ. ಬಚ್ಚಲಿಗೆ ದೇವರ ಮನೆ ದಾಟಿಯೇ ಹೋಗಬೇಕಂತೆ.

ಹುಣಸೆಹಣ್ಣು

ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ನಮ್ಮ ನಲ್ಲಿ ಬೆಳ್ಳಗಾಗಿತ್ತು, ನೀರು ನಾಲ್ಕು ದಿಕ್ಕಿಗೂ ಹಾರುತ್ತಿತ್ತು. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಸರಿಹೋಗುತ್ತದೆಂದು ಓನರಮ್ಮ ಒಂದು ಬೆಳಿಗ್ಗೆ, ಲೋಟವನ್ನು ಗಂಡನ ಕೈಗಿಟ್ಟು, ತಾವೇ ಇಳಿದು ಬಂದರು. ಉಜ್ಜುತ್ತಿದ್ದ ಕೈ ತಟ್ಟನೆ ನಿಂತಿತು. ಸಿಂಕಿನಲ್ಲಿ ಹಸಿರು ಏಳುತ್ತಿತ್ತು.

"ಇದೇನ್ರೀ?"

ನಿಜ ಹೇಳಿದರೆ ಮೇಲೆ ಕಾಫಿ ನಿಲ್ಲುತ್ತದೆ. "ಹಾಗಲಕಾಯಿ ರಸ. ಈಗಷ್ಟೇ ನಾನೇ ಚೆಲ್ಲಿದ್ದು. ವಾಪಸ್ ಬರ್ತಿದೆ," ಎಂದೆ.

"ನಿಮಗೂ ಶುಗರ್ರಾ?"

ತಲೆಯಾಡಿಸಿದೆ.

"ಯಾರಾದ್ರೂ ಚೆಲ್ತಾರೇನ್ರೀ? ನಮ್ಮನೆಯವರನ್ನ ನೋಡಿ ಕಲೀರಿ. ಒಂದ್ ತೊಟ್ಟು ಬಿಡಲ್ಲ."

ಮಾರನೆಯ ಬೆಳಿಗ್ಗೆ ಓನರ್ರು ತುಂಬಿದ ಲೋಟ ಹಿಡಿದು ನಮ್ಮ ಅಡುಗೆಮನೆಗೆ ಬಂದರು. ಎದುರಿಗೆ ನಿಂತು ನನಗೆ ಕುಡಿಸಿ ಬರಬೇಕೆಂದು ಅವರಿಗೆ ಅಪ್ಪಣೆಯಾಗಿತ್ತು. ಹೊರಗೆ ಮೆಟ್ಟಿಲ ಮೇಲೆ ನಿಂತ ಓನರಮ್ಮ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಕಾಣದ ಸಿಂಕಿನಲ್ಲಿ, ಓನರ್ರು ಮೇಲೆ ಆಗಷ್ಟೇ ಚೆಲ್ಲಿ ಬಂದದ್ದು ಮೆಲ್ಲಗೆ ಏಳುತ್ತಿತ್ತು. ಓನರ್ರು ಅದರತ್ತ ಒಮ್ಮೆ ನೋಡಿದರು. ಆಮೇಲೆ ಕಿಟಕಿಗೆ ಕೇಳುವಷ್ಟು ಗಟ್ಟಿಯಾಗಿ ನನಗೆ ಹೇಳಿದರು:

"ಮೂಗು ಮುಚ್ಕೊಂಡು ಒಂದೇ ಸಲಕ್ಕೆ ಕುಡಿದ್ಬಿಡಿ ಸಾರ್. ನಾನು ದಿನಾ ಹಂಗೇ ಕುಡಿಯೋದು."