ಬೈರಪ್ಪನ ನಾಲ್ಕು ಸಿಲಿಂಡರ್ ಪಿಕಪ್

ತೊಂಬತ್ತೆರಡನೇ ಇಸವಿಯಲ್ಲಿ ಬೂದಿಗೆರೆಯ ಬೈರಪ್ಪ ಪಿಕಪ್ ಕೊಂಡ. ಅದೇ ದಿನ ಒಬ್ಬ ತಮ್ಮನನ್ನು ಕಳೆದುಕೊಂಡ. ನಾಲ್ಕು ಸಿಲಿಂಡರಿನ ಇಂಜಿನ್ ಎಂದು ಅವನು ಊರಿಗೆಲ್ಲ ಸಾರುತ್ತಿದ್ದಾಗ ಪಕ್ಕದ ಮನೆಯ ತಮ್ಮ ಮುನಿರಾಮಯ್ಯ, "ದ್ರಾಕ್ಷಿ ಸಾಗಿಸೋಕೆ ನಾಲ್ಕ್ಯಾಕಣ್ಣ? ಎರಡು ಸಾಕಾಗಿತ್ತು. ಆರು ತಿಂಗಳಿಗೆ ಗುಜರಿಗೆ ಹೋಗುತ್ತೆ" ಅಂದುಬಿಟ್ಟ. ಹೊಸ ಗಾಡಿಗೆ ಯಾರಾದರೂ ಹೀಗನ್ನುತ್ತಾರೆಯೇ? ಅಂದಿನಿಂದ ಮಾತಿಲ್ಲ, ಕತೆಯಿಲ್ಲ. (ತಮ್ಮನಿಲ್ಲದೆ ಬೈರಪ್ಪನಿಗೆ ಊಟ ರುಚಿಸುತ್ತಿರಲಿಲ್ಲ. ಹಾಗಂತ ಹಿರಿಯನಾದವನು ಮೊದಲು ಮಾತಾಡುವುದುಂಟೆ?)

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಇಂಜಿನ್ ಗಪ್‌ಚುಪ್. ಗಾಡಿ ನಿಂತರೆ ಎದುರಿಗಿದ್ದವನು ತಳ್ಳಬೇಕು, ಇದು ಊರಿನ ಕಾನೂನು. ಎದುರಿಗಿದ್ದವನು ಮುನಿರಾಮಯ್ಯ. ಮಾತಿಲ್ಲದೆ ಬಂದ, ತಳ್ಳಿದ, ಹೋದ. ದಿನವೂ ಇದೇ ಆಯಿತು. ಆಮೇಲೊಂದು ದಿನ "ಸೆಕೆಂಡ್ ಗೇರ್ ಹಾಕಣ್ಣ" ಅಂದ. ರಾಜಿ ನಿಧಾನವಾಗಿ ಜಗಲಿಯ ಕಾಫಿಯವರೆಗೆ ಬಂತು. ಖುಷಿಗೆ ಬೈರಪ್ಪ ಹೋಟೆಲಿನಲ್ಲಿ ಎಲ್ಲರೆದುರು, "ನನ್ ತಮ್ಮ ಹೇಳಿದ್ದೇ ನಿಜ ಕಣ್ರಪ್ಪ, ಎರಡೇ ಸಾಕಾಗಿತ್ತು" ಎಂದು ಒಪ್ಪಿಕೊಂಡ. ಊರೇ ನಕ್ಕಿತು.

ದೇವನಹಳ್ಳಿಯ ಮೆಕ್ಯಾನಿಕ್ ಮಾತ್ರ, "ಇಂಜಿನ್ ಗುಂಡುಕಲ್ಲಿನಂಗಿದೆ. ಬ್ಯಾಟರಿ ವೈರ್ ಸಡಿಲ, ಅಷ್ಟೇ" ಎಂದು ಬಿಗಿ ಮಾಡಿ ಕಳಿಸಿದ. ಮರುದಿನ ನೋಡಿದರೆ ವೈರು ಮತ್ತೆ ಬಿಚ್ಚಿದೆ.

ಬೈರಪ್ಪ ಹೆಂಡತಿಯ ಮೇಲೆ ಹರಿಹಾಯ್ದ. "ನಿಂದೇ ಕಣೇ ಈ ಕೆಲಸ."

"ಒಲೆ ಮುಂದೆ ಬೇಯೋದು ಸಾಲ್ದೂಂತ ಬಾನೆಟ್ ಒಳಗೂ ತೂರ್ಲಾ?" ಅಂದಳು ದ್ಯಾವಮ್ಮ. "ಕಳ್ಳನ್ನ ಹಿಡೀಬೇಕಾದ್ರೆ ಗಾಡೀಲೇ ಮಲಕ್ಕೊಳ್ಳಿ. ನಿಮ್ಮ ಗೊರಕೆ ತಪ್ಪಿ ನನಗೂ ಒಸಿ ನಿದ್ದೆ ಬರುತ್ತೆ."

ಮಲಗಿದ. ಬೆಳಕು ಹರಿಯುವ ಹೊತ್ತಿಗೆ ಬಾನೆಟ್ ಮೇಲೆದ್ದಿತು. ಇಳಿದು ನೋಡಿದರೆ, ಕೈಯಲ್ಲಿ ಸ್ಪ್ಯಾನರ್ ಹಿಡಿದ ಮುನಿರಾಮಯ್ಯ.

"ಏನ್ಲಾ ಮುನಿಯಾ ಇದು?"

ಮುನಿರಾಮಯ್ಯ ತಲೆ ತಗ್ಗಿಸಿದ. "ಇನ್ನೇನ್ ಮಾಡ್ಲಿ ಅಣ್ಣ? ಗಾಡಿ ಸರಿಹೋದ್ರೆ ಮತ್ತೆ ಮಾತು ಬಿಡ್ತೀಯೇನೋ ಅಂತ ಭಯ. ಮೊದ್ಲು, ಕೆಟ್ಟು ನಿಂತ್ರೆ ತಳ್ಳೋಕಾದ್ರೂ ಕರೀತೀಯ ಅಂತ ಒಂದು ವರ್ಷ ಕಾದೆ. ಈ ಹಾಳಾದ್ ಇಂಜಿನ್ನು ಒಂದಿನಾನೂ ಕೆಡ್ಲಿಲ್ಲ."

ಬೈರಪ್ಪ ತಮ್ಮನ ಹೆಗಲ ಮೇಲೆ ಕೈ ಹಾಕಿದ. ಜೊತೆಗೇ ಎದೆಯೂ ಉಬ್ಬಿತು. ಎಂಥ ಸರ್ಟಿಫಿಕೇಟು! ಕೇಳಿಸಿಕೊಳ್ಳಲು ಇದ್ದದ್ದು ಮಾತ್ರ ಗಾಡಿಯಡಿಯ ಒಂದು ಕೋಳಿ.

"ಲೋ ಮುನಿಯಾ, ಇದನ್ನೇ ಹೋಟ್ಲಲ್ಲಿ ನಾಕ್ ಜನದ ಮುಂದೆ ಒಂದ್ಸಲ ಹೇಳ್ಬಿಡೋ."

ಮುನಿರಾಮಯ್ಯ ಸ್ಪ್ಯಾನರನ್ನು ಜೇಬಿಗಿಳಿಸಿದ. "ಅದೊಂದು ಆಗಲ್ಲ ಅಣ್ಣ. ಬೇಕಾದ್ರೆ ದಿನಾ ತಳ್ಕೊಡ್ತೀನಿ."